ಮೂರನೆಯ ಸಾಲಿನ ‘ಧಪ್’

ಜಗತ್ತಿನಲ್ಲಿ ಹಾಡು ಕಟ್ಟಿದವರು ಲಕ್ಷಾಂತರ ಮಂದಿ ಇದ್ದಾರು. ಆದರೆ ಮೂವತ್ತೊಂದು ವರ್ಷಗಳ ಕಾಲ, ದಿನವೂ ಬೆಳಿಗ್ಗೆ ಒಂಬತ್ತಕ್ಕೆ, ನಿದ್ದೆಗಣ್ಣಿನ ಎಂಟುನೂರು ಮಕ್ಕಳ ಬಾಯಿಂದ ತಮ್ಮ ಹಾಡನ್ನು ಒಂದೇ ಶ್ರುತಿಯಲ್ಲಿ ಹೊರಡಿಸಿದವರು ನಮ್ಮ ಹಾಡಿನ ಟೀಚರ್ ಒಬ್ಬರೇ. ಅವರ ನಿವೃತ್ತಿಯ ಈ ಸಂಪುಟಕ್ಕೆ ಬರೆಯಲು ನನಗಿಂತ ಯೋಗ್ಯರಿಲ್ಲವೆಂಬುದನ್ನು ಸಂಪಾದಕರು ತಡವಾಗಿಯಾದರೂ ಮನಗಂಡದ್ದು ಸಂತೋಷ.

ಅವರು ಕೆಲಸಕ್ಕೆ ಸೇರಿದಾಗ ಶಾಲೆಗೆ ಸ್ವಂತ ಹಾಡಿರಲಿಲ್ಲ. ಇದ್ದದ್ದು ತಿದಿ ಹರಿದ ಒಂದು ಹಾರ್ಮೋನಿಯಂ. ಸೇರಿದ ವಾರವೇ ಶಾಲಾಗೀತೆ ಕಟ್ಟಿದರು. ಆದರೆ ಸರಿಯಾಗಿ ಮೂರನೆಯ ಸಾಲಿನ ನಡುವೆ ಹಾರ್ಮೋನಿಯಂನ ಉಸಿರು ಕಟ್ಟುತ್ತಿತ್ತು. ಮತ್ತೆ ಗಾಳಿ ತುಂಬುವವರೆಗೆ ಹಾಡು ಬಿದ್ದುಹೋಗದಿರಲೆಂದು ಟೀಚರ್ ಬಲಗಾಲನ್ನು ಮರದ ವೇದಿಕೆಯ ಮೇಲೆ ‘ಧಪ್’ ಎಂದು ಅಪ್ಪಳಿಸುತ್ತಿದ್ದರು. ನಾವೂ ಅಪ್ಪಳಿಸಿದೆವು. ಹೊಸ ಹಾರ್ಮೋನಿಯಂ ಬಂದ ಮೇಲೂ ಯಾರೂ ಬಿಡಲಿಲ್ಲ. ಎಂಟುನೂರು ಬೂಟುಗಳ ಆ ಸದ್ದಿಗೆ ಪಕ್ಕದ ಬೀದಿಯ ಕನ್ನಡಕದ ಅಂಗಡಿಯಲ್ಲಿ ದಿನಕ್ಕೊಂದು ಗಾಜು ಬಿರುಕು ಬಿಡುತ್ತಿತ್ತೆಂದರೆ ನೀವು ನಂಬಲೇಬೇಕು.

ಬೇರೆ ಯಾವ ಶಿಕ್ಷಕರೂ ನನ್ನನ್ನು ಎರಡನೆಯ ಸಲ ಹಾಡಲು ಬಿಟ್ಟವರಲ್ಲ. ಟೀಚರ್ ಮಾತ್ರ, “ನಿನ್ನ ಗಂಟಲು ಆ ದೇವರಿಗೇ ಪ್ರೀತಿ ಕಣೋ. ಕೈ ಚೆನ್ನಾಗಿದೆ, ಡ್ರಮ್ ಹಿಡಿ” ಎಂದು, ತಮ್ಮ ಊಟದ ಬಿಡುವನ್ನು ಬಿಟ್ಟುಕೊಟ್ಟು ಎರಡು ವರ್ಷ ತಾಳ ಕಲಿಸಿದರು. ಅದರ ಫಲವಾಗಿ ಇಂದು ಸ್ಟುಡಿಯೋಗಳಲ್ಲಿ ಡ್ರಮ್ಸ್ ನುಡಿಸುವ ಭೂಮಂಡಲದ ಮೊದಲ ಮೂವರಲ್ಲಿ ನಾನೊಬ್ಬ. ಉಳಿದಿಬ್ಬರು ಯಾರೆಂದು ನನಗೆ ನೆನಪಿಲ್ಲ.

ಕಳೆದ ವರ್ಷ ಒಂದು ಪಾಪ್ ಹಾಡು ಬಂತು. ಬಸ್ಸು, ಸಲೂನು, ಮಲಗಿದ ರೋಗಿಯ ಫೋನು, ಎಲ್ಲೆಲ್ಲೂ ಅದೇ! ಅದೇ ಹೊತ್ತಿಗೆ ಶಾಲೆಯ ಆಡಳಿತ ಮಂಡಳಿಗೆ ಹೊಸ ಅಧ್ಯಕ್ಷರು ಬಂದು, ಶಾಲಾಗೀತೆ ಕೇಳಿ ಕೆಂಡವಾದರು.

“ಏನ್ರೀ ಟೀಚರ್, ಇದು ಆ ಕುಣಿಯೋ ಹಾಡಲ್ವಾ?”

“ನಮ್ಮದು ಮೂವತ್ತು ವರ್ಷದ ಹಿಂದಿನದು, ಸಾರ್.”

“ಅಷ್ಟು ದೊಡ್ಡ ಕಂಪನಿಯವರು ನಿಮ್ಮ ಕೊಠಡಿಗೆ ಬಂದು ಕದ್ರಾ? ಇಬ್ಬರೂ ಎಲ್ಲೋ ಹೊರದೇಶದ್ದನ್ನೇ ಎತ್ತಿರಬೇಕು.”

ಬರುವ ಶನಿವಾರ ಮಂಡಳಿ ಸಭೆ ಸೇರಿ ಶಾಲಾಗೀತೆಯನ್ನು ಕೈಬಿಡುವುದೆಂದಾಯಿತು. ನಿವೃತ್ತಿಗೆ ಆರು ತಿಂಗಳಿರುವಾಗ ಟೀಚರ್ ತಲೆಗೆ ಕಳ್ಳಿಯೆಂಬ ಹೆಸರು!

ಅಲ್ಲೇ ಓದುವ ನನ್ನ ಅಕ್ಕನ ಮಗಳು ಬಂದು ಹೇಳಿದಾಗ, ನಿಜವಾದ ಕಳ್ಳ ಯಾರೆಂದು ನನಗೊಬ್ಬನಿಗೇ ಗೊತ್ತಿತ್ತು. ಏಕೆಂದರೆ ಸ್ಟುಡಿಯೋದಲ್ಲಿ ಸಂಗೀತ ನಿರ್ದೇಶಕರು ಆ ಪಾಪ್ ಹಾಡಿಗೆ ರಾಗ ಹುಟ್ಟದೆ ತಲೆ ಕೆರೆದುಕೊಳ್ಳುತ್ತಿದ್ದಾಗ, ಬಾಯಿಗೆ ಬಂದ ಶಾಲಾಗೀತೆಯನ್ನು ಗುನುಗಿದವನು ನಾನು. “ಯಾರದಪ್ಪ ಇದು?” ಎಂದರು. “ನಂದೇ!” ಎಂದಿದ್ದೆ. ಒಪ್ಪಿಕೊಂಡರೆ ಸ್ಟುಡಿಯೋದ ಬಾಗಿಲು ಮುಚ್ಚೀತು. ಸುಮ್ಮನಿದ್ದರೆ ಟೀಚರ್ ಮುಖ ನೋಡುವುದು ಹೇಗೆ?

ಶನಿವಾರ ಕರೆಯದಿದ್ದರೂ ಸಭೆಗೆ ನುಗ್ಗಿದೆ.

“ಕದ್ದವನು ನಾನು, ಸಾರ್. ಪ್ರಸಿದ್ಧ ಡ್ರಮ್ಮರ್.”

“ನಿಮ್ಮ ಹೆಸರೇ ಕೇಳಿಲ್ಲವಲ್ಲ” ಎಂದರು ಅಧ್ಯಕ್ಷರು. ಆ ಅವಮಾನವನ್ನೂ ಟೀಚರ್‌ಗೋಸ್ಕರ ನುಂಗಿಕೊಂಡೆ.

ಫೋನಿನಲ್ಲಿ ಪಾಪ್ ಹಾಡು ಹಾಕಿದೆ: ಮೂರನೆಯ ಸಾಲಿನ ನಡುವೆ ನನ್ನ ಡ್ರಮ್ಮಿನ ‘ಧಪ್’. ಬಳಿಕ ಆ ‘ಧಪ್’ ಹುಟ್ಟಿದ್ದೆಲ್ಲೆಂದು ತೋರಿಸಲು ಉಗ್ರಾಣದಿಂದ ಹಳೆಯ ಹಾರ್ಮೋನಿಯಂ ತರಿಸಿ, “ಟೀಚರ್ ನುಡಿಸಲಿ, ತಿದಿ ನೀವೇ ಒತ್ತಿ, ಸಾರ್” ಎಂದೆ. ಅಧ್ಯಕ್ಷರು ಒತ್ತಿದರು. ಒಂದನೆಯ ಸಾಲಾಯಿತು, ಎರಡನೆಯದಾಯಿತು, ಮೂರನೆಯದರ ನಡುವೆ ಪೆಟ್ಟಿಗೆ ಉಸಿರುಗಟ್ಟಿತು. ಅಷ್ಟರಲ್ಲಿ, ನಾನು ಕಣ್ಣಾರೆ ಕಂಡೆ, ಅಧ್ಯಕ್ಷರ ಬಲಗಾಲು ತಾನಾಗಿ ಮೇಲೆದ್ದು ನೆಲಕ್ಕೆ ಅಪ್ಪಳಿಸಿತು! ಮಂಡಳಿಯ ಒಂಬತ್ತೂ ಮಂದಿ ಚಪ್ಪಾಳೆ ತಟ್ಟಿದರು. ಗೀತೆ ಉಳಿಯಿತು.

ಟೀಚರ್ ನನ್ನತ್ತ ತಿರುಗಿದರು. “ಎಷ್ಟು ಜನ ಕೇಳಿದ್ದಾರೋ ಅದನ್ನ?”

“ಎರಡು ಕೋಟಿ, ಟೀಚರ್.”

“ಕಳ್ಳ ಭಡವ! ಎರಡು ಕೋಟಿ ಜನಕ್ಕೆ ಎರಡನೇ ಸಾಲು ತಪ್ಪು ಕೇಳಿಸಿದ್ದೀಯಲ್ಲೋ!” ಎಂದು ನನ್ನ ಬೆನ್ನಿಗೆ ಕೊಟ್ಟ ಏಟು ಇಂದಿಗೂ ಉರಿಯುತ್ತಿದೆ.

ಸ್ಟುಡಿಯೋದವರು ಮೂರು ತಿಂಗಳು ನನ್ನನ್ನು ಕರೆಯಲಿಲ್ಲ. ಆದರೆ ಹಾಡಿನಡಿಯಲ್ಲಿ ಈಗ ಟೀಚರ್ ಹೆಸರಿದೆ. ಮೊನ್ನೆ ಭೇಟಿಯಾದಾಗ ಅವರು, “ಹೊಸದೊಂದು ಕಟ್ತಾ ಇದ್ದೀನಿ. ನಿನ್ನೆದುರಿಗೆ ಮಾತ್ರ ಗುನುಗಲ್ಲ” ಎಂದರು. ಅವರ ಆಯುಸ್ಸು ನೂರು ದಾಟಲಿ, ದನಿ ಗಟ್ಟಿಯಾಗಿರಲಿ, ಆ ಹಾಡು ಬೇಗ ಮುಗಿಯಲಿ; ನಾನು ಬಾಗಿಲ ಹೊರಗೆ ನಿಂತೇ ಕೇಳಿಸಿಕೊಳ್ಳುತ್ತೇನೆ.