ದೇವರಾಗಿಬಿಟ್ಟ ಲಂಟಾನ

ಬೆಳಕು ಹರಿಯುವ ಹೊತ್ತಿಗೆ ಮಾವಳ್ಳಿಯ ಗೋಮಾಳದಲ್ಲಿ ದೇವರಾಜ ಆಗಲೇ ಮೊಣಕಾಲೂರಿ ಕೂತಿದ್ದಾರೆ. ಕಾಲಿಗೆ ಗಂಬೂಟು, ಕೈಗೆ ರಬ್ಬರ್ ಗವುಸು. ಲಂಟಾನದ ಪೊದೆಯನ್ನು ನೆಲಮಟ್ಟಕ್ಕೆ ಕಡಿದು, ಹಸಿ ಬುಡ ಆರುವ ಮೊದಲೇ ಬ್ರಷ್ಷಿನಿಂದ ಕಳೆನಾಶಕ ಬಳಿಯುತ್ತಾರೆ. ಬರೀ ಕಡಿದು ಬಿಟ್ಟರೆ ಅದು ಕ್ಷೌರ ಮಾಡಿಸಿಕೊಂಡವರಂತೆ ಇನ್ನಷ್ಟು ಕಳೆಕಳೆಯಾಗಿ ಎದ್ದು ಬರುತ್ತದೆ.

ಮೊದಲು ಇವರು ಹೊನ್ನಾವರದಲ್ಲಿ ದೋಣಿಗಳಿಗೆ ಬಣ್ಣ ಹೊಡೆಯುತ್ತಿದ್ದವರು. ಫೈಬರ್ ದೋಣಿ ಬಂದ ಮೇಲೆ ಗಿರಾಕಿಗಳು ಕೈಬಿಟ್ಟರು, ಬ್ರಷ್ಷು ಬಿಡಲಿಲ್ಲ. ಪೊದೆ ಗೋಮಾಳವನ್ನೆಲ್ಲ ನುಂಗಿ, ದನಗಳಿಗೆ ರಸ್ತೆಬದಿಯೇ ಗತಿಯಾದಾಗ ಊರವರು ಇವರನ್ನು ಕರೆದರು. ಮಳೆಗಾಲದೊಳಗೆ ಹುಲ್ಲು ಕಾಣದಿದ್ದರೆ ಈ ಕೆಲಸವೂ ಇಲ್ಲ ಎಂದೂ ಹೇಳಿಟ್ಟರು.

ಬಳಿದ ಬುಡ ಯಾವುದೆಂದು ಗುರುತು ಸಿಗಲಿ ಎಂದು ಮದ್ದಿಗೆ ಕೆಂಪು ಬಣ್ಣ ಬೆರೆಸಿದ್ದೇ ಎಡವಟ್ಟಾಯಿತು. ತಮ್ಮ ಆಕಳು ಗೌರಿಯನ್ನು ಹೊಡೆದುಕೊಂಡು ಬಂದ ಈರಮ್ಮನ ಕಣ್ಣಿಗೆ ದಾರಿ ಪಕ್ಕದ ದಪ್ಪ ಬುಡದ ಮೇಲೆ ಕುಂಕುಮ ಕಂಡಿತು. ಮನೆಗೆ ಓಡಿ ದಾಸವಾಳ, ಒಂದು ಚೊಂಬು ನೀರು ತಂದರು. ಮದ್ದೆಲ್ಲ ತೊಳೆದುಹೋಯಿತು. ದಿನವೂ ಅಭಿಷೇಕ ನಡೆದು ಬುಡ ಚಿಗುರಿತು. ಪವಾಡ ನೋಡಲು ಜನ ನೆರೆದರು, ಯಾರೋ ಕಾಣಿಕೆ ಡಬ್ಬಿಯ ಮಾತನ್ನೂ ಎತ್ತಿದರು.

ದೇವರಾಜ ತಲೆ ಚಚ್ಚಿಕೊಂಡರು. ಅದೊಂದು ಕಾಯಿ ಬಿಟ್ಟು ಹಣ್ಣಾದರೆ ಸಾಕು, ಹಕ್ಕಿಗಳು ಗೋಮಾಳದ ತುಂಬ ಮತ್ತೆ ಬೀಜ ಬಿತ್ತುತ್ತವೆ. ಕತ್ತಿ ಹಿಡಿದು ಹೋದರೆ ಈರಮ್ಮ ಅಡ್ಡ ನಿಂತರು.

“ದೇವ್ರಿಗೆ ಕತ್ತಿ ಹಾಕ್ತ್ಯೇನ ತಮ್ಮಾ?”

“ದೇವ್ರು ಎಂತದ ಅಮ್ಮಾ, ಅದು ನಾ ಬಳ್ದ ಬಣ್ಣ. ಹೋದ ವರ್ಷ ನಿಮ್ಮ ಗೌರಿ ಮೈಯೆಲ್ಲ ಹುಣ್ಣಾಗಿ ಮಲಗಿದ್ದು ಇದರ ಸೊಪ್ಪು ತಿಂದೇ. ದನದ ಡಾಕ್ಟ್ರು ನಿಮ್ಗೇ ಹೇಳಿದ್ರಲ್ಲ.”

ಈರಮ್ಮ ಆಕಳನ್ನು ನೋಡಿದರು, ಬುಡವನ್ನು ನೋಡಿದರು. ಇಟ್ಟಿದ್ದ ದಾಸವಾಳ ಎತ್ತಿ ತಮ್ಮ ತುರುಬಿಗೇ ಸಿಕ್ಕಿಸಿಕೊಂಡರು.

“ಹಾಗಾರೆ ಈ ದೇವ್ರು ನಂಗೆ ಬೇಡ. ಆತು, ಕಡಿ.”

ಈಗ ಆ ಬುಡ ಒಣಗಿದೆ, ಸುತ್ತ ಹುಲ್ಲು ಎದ್ದಿದೆ, ಗೌರಿ ಅಲ್ಲೇ ಮೇಯುತ್ತಿದ್ದಾಳೆ. ದೇವರಾಜ ಮದ್ದಿಗೆ ನೀಲಿ ಬಣ್ಣ ಬೆರೆಸುತ್ತಿದ್ದಾರೆ. ಮೊನ್ನೆ ಈರಮ್ಮ ಬಗ್ಗಿ ನೋಡಿ ಮೆಲ್ಲಗೆ ಕೇಳಿದರಂತೆ, “ಇದು ಕೃಷ್ಣ ಅಲ್ದಾ?”

ಇಷ್ಟು ದುಡಿದರೂ ಯಾರೂ ಗುರುತಿಸಲಿಲ್ಲವೆಂಬ ಬೇಸರ ಇಲ್ಲವೇ ಎಂದರೆ ದೇವರಾಜ ಬ್ರಷ್ಷು ಒರೆಸುತ್ತ ನಗುತ್ತಾರೆ.

“ಯಾರ ಕಣ್ಣಿಗೂ ಬೀಳೂದು ಬೇಡ ಮಾರಾಯ್ರೆ. ಕಣ್ಣಿಗೆ ಬಿದ್ರೆ ಪೂಜೆ ಶುರು ಮಾಡ್ತ್ರು, ಕೆಲ್ಸ ಹಾಳು.”