ಸತ್ತವರಿಗೆ ಒನ್ಸ್ ಮೋರ್

ಗ್ರೀಕ್ ತತ್ವಜ್ಞಾನಿ ಸಾಕ್ರಟೀಸ್ ವಿಷ ಕುಡಿದು ರಂಗದ ಮೇಲೆ ಮಲಗಿದ್ದರು. ಸೆರೆಮನೆಯ ಕಾವಲುಗಾರನ ಪಾತ್ರದಲ್ಲಿದ್ದ ನಾನು, ಮೈ ತಣ್ಣಗಾಯಿತೇ ಎಂದು ನೋಡಲು ಅವರ ಪಾದ ಹಿಡಿದು ಕುಳಿತಿದ್ದೆ. ಹರಿಹರದ ಸಭಾಂಗಣ ಉಸಿರು ಬಿಗಿಹಿಡಿದಿತ್ತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ಒನ್ಸ್ ಮೋರ್!”

ಇನ್ನೂ ಹತ್ತಾರು ದನಿಗಳು ಸೇರಿಕೊಂಡವು. ಸೀಟಿಯೂ ಬಿತ್ತು. ಸಾಕ್ರಟೀಸ್ ಆಗಿದ್ದ ಬಸಣ್ಣ ಮೇಷ್ಟ್ರು ನಲವತ್ತು ವರ್ಷ ಕಂಪನಿ ನಾಟಕದಲ್ಲಿ ದುಡಿದವರು. ಅಲ್ಲಿ ಒನ್ಸ್ ಮೋರ್ ಬಿದ್ದರೆ ಸತ್ತವನೂ ಎದ್ದು ಮತ್ತೊಮ್ಮೆ ಸಾಯಬೇಕು. ಈ ಗಂಭೀರ ನಾಟಕದಲ್ಲಿ ಎದ್ದರೆ ನಮ್ಮ ಎರಡು ತಿಂಗಳ ತಾಲೀಮು ನಗೆಪಾಟಲು!

ನನ್ನ ಕೈಯೊಳಗೆ ಅವರ ಪಾದ ಅದುರಿತು. ಮೊಣಕಾಲು ಮಡಚಿಕೊಳ್ಳಲು ಹೊರಟಿತು. ನಾನು ಬಲವಾಗಿ ಒತ್ತಿ ಹಿಡಿದೆ. ಕೂಗು ನಿಧಾನಕ್ಕೆ ಸೋತಿತು. ಪರದೆ ಬಿತ್ತು.

ಬಣ್ಣ ಒರೆಸಿಕೊಳ್ಳುತ್ತಾ ಮೇಷ್ಟ್ರು ಹೇಳಿದರು: “ನೀನು ಕಾಲು ಹಿಡಿದಿರ್ಲಿಲ್ಲಂದ್ರೆ ಎದ್ದೇಬಿಡ್ತಿದ್ದೆ ನೋಡಪ್ಪಾ. ಜನ ಕರೆಯೋವಾಗ ಸುಮ್ನೆ ಬಿದ್ಕಂಡಿರೋದು ಸಾಯೋದಕ್ಕಿಂತ ಕಷ್ಟ ಐತೆ.”

ನಮ್ಮೂರು ದಾವಣಗೆರೆಗೆ ಕಂಪನಿ ನಾಟಕ ಬಂದರೆ ಎಲ್ಲರಿಗಿಂತ ಮೊದಲು ಒನ್ಸ್ ಮೋರ್ ಕೂಗುತ್ತಿದ್ದವನು ನಾನೇ. ಈಗಲೂ ಕೂಗಲು ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಅಂಗೈಯಲ್ಲಿ ಆ ಪಾದ ಅದುರುತ್ತದೆ, ಬಾಯಿ ಮುಚ್ಚಿಕೊಳ್ಳುತ್ತೇನೆ.