ಸಾಬಮ್ಮನ ಸದ್ದಿಲ್ಲದ ರೊಟ್ಟಿ

ಬಾಲಾನಗರದ ಕಾರ್ಖಾನೆಗಳ ಹಿಂದಿನ ಆ ಓಣಿಯಲ್ಲಿ ಲೇತ್ ಮಷೀನುಗಳಿಗಿಂತ ಮೊದಲು ಏಳುತ್ತಿದ್ದ ಸದ್ದು ಒಂದೇ, ಸಾಬಮ್ಮ ರೊಟ್ಟಿ ಬಡಿಯುವ ಸದ್ದು. ಜೋಳದ ಹಿಟ್ಟಿನ ಮೇಲೆ ಅಂಗೈ ಬಿದ್ದು, ರೊಟ್ಟಿ ತಿರುಗಿ, ಮತ್ತೆ ಅಂಗೈ ಬೀಳುವ ಪಟಪಟ. ತೆಲುಗು ನೆರೆಯವರೂ ಅದನ್ನು ಕೇಳಿಯೇ ಹಾಸಿಗೆ ಮಡಚುತ್ತಿದ್ದರು.

ಸಾಬಮ್ಮ ಶಹಾಪುರದ ಕಡೆಯವಳು. ಗಂಡ ಚಂದ್ರಾಮ ಗೌಂಡಿ. ಮದುವೆಯಾದ ವರ್ಷವೇ ಇಬ್ಬರೂ ಹೈದರಾಬಾದಿಗೆ ಬಂದು ಕಟ್ಟಡದ ಕೆಲಸಕ್ಕೆ ನಿಂತರು. ಅವನು ಇಟ್ಟಿಗೆ ಕಟ್ಟಿದ, ಅವಳು ಬುಟ್ಟಿ ಹೊತ್ತಳು. ಒಂದು ದಿನ ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ಅವಳ ಸೊಂಟ ಹೋಯಿತು. ಹೊರಲಾಗದು, ಕೂರಬಹುದು. ಕೂತು ಮಾಡುವ ಕೆಲಸ ಅವಳಿಗೆ ಗೊತ್ತಿದ್ದದ್ದು ರೊಟ್ಟಿಯೊಂದೇ. ಹಾಗೆ ಶುರುವಾಯಿತು. ಬೋರ್ಡಿಲ್ಲ, ಬೆಂಚಿಲ್ಲ. ಕಲಬುರಗಿ, ಯಾದಗಿರಿ ಕಡೆಯ ಹುಡುಗರು ಕೂಲಿಗೆ ಹೋಗುವ ಮುನ್ನ ಹೊಸ್ತಿಲ ಬಳಿ ನಿಂತು ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅಷ್ಟೇ ಅವಳ ವ್ಯಾಪಾರ.

ಮನೆ ಅವಳದಲ್ಲ. ಮೇಲಿನ ಮಹಡಿಯಲ್ಲಿರುವ ಅಮರೇಶಪ್ಪನವರದು. ರಾಯಚೂರು ಕಡೆಯವರು, ಬೇಗಂಪೇಟೆಯ ಒಂದು ಕಂಪನಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ನಳವೂ ಅವರ ಹೆಸರಿನಲ್ಲೇ ಇತ್ತು, ಮನೆಬಳಕೆಯ ನಳ. ಮನೆಗಳಿಗೆ ತಿಂಗಳಿಗೆ ಇಷ್ಟು ನೀರು ಪುಕ್ಕಟೆ ಎಂಬ ಯೋಜನೆ ಬಂದ ಮೇಲೆ ಆ ನಳದ ತಿಂಗಳ ಬಿಲ್ಲು ಸೊನ್ನೆ ಎಂದೇ ಬರುತ್ತಿತ್ತು.

ನೀರಿನ ಕಚೇರಿಯ ಆಟೋ ಬಂದದ್ದು ಒಂದು ಮಧ್ಯಾಹ್ನ. ಮೇಲೆ ಮೈಕು, ಒಳಗೆ ಮುದ್ರಿಸಿಟ್ಟುಕೊಂಡ ದನಿ. ಮೊದಲು ತೆಲುಗಿನಲ್ಲಿ, ಆಮೇಲೆ ಹಿಂದಿಯಲ್ಲಿ. ಮನೆಯ ನಳದ ನೀರಿನಲ್ಲಿ ವ್ಯಾಪಾರ ಮಾಡುವವರು ತಾವಾಗಿ ಬಂದು ವಾಣಿಜ್ಯ ದರಕ್ಕೆ ಬದಲಾಯಿಸಿಕೊಳ್ಳಬೇಕು, ಇಲ್ಲವಾದರೆ ತಪಾಸಣೆ, ದಂಡ, ಹಿಂದಿನ ವರ್ಷಗಳ ವಸೂಲಿ, ಕೊನೆಗೆ ನಳ ಕಡಿತ.

ಸಾಬಮ್ಮನ ಕೈ ಹಿಟ್ಟಿನಲ್ಲೇ ನಿಂತಿತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಈ ಊರಿನ ನೀರು ಪಕ್ಕದ ಹಳ್ಳದಿಂದ ಬರುವುದಿಲ್ಲ. ಕೃಷ್ಣೆಯಿಂದ, ಗೋದಾವರಿಯಿಂದ ಎತ್ತಿ ಎತ್ತಿ ತರಬೇಕು. ಎತ್ತಲು ಕರೆಂಟು ಬೇಕು. ಬಳಸಿ ಚೆಲ್ಲಿದ ಹೊಲಸು ನೀರನ್ನು ಸಾಗಿಸಿ ತೊಳೆಯಲೂ ಖರ್ಚಿದೆ. ಯಾರಾದರೂ ಕೊಡಲೇಬೇಕು, ಒಪ್ಪೋಣ. ಆದರೆ ಎಷ್ಟು ಕೊಡಬೇಕು ಎಂದು ಆ ಆಟೋ ಹೇಳಲಿಲ್ಲ. ಕೊಡದಿದ್ದರೆ ಏನು ಮಾಡುತ್ತೇವೆ ಎಂದಷ್ಟೇ ಹೇಳಿತು. ದರವನ್ನು ತಣ್ಣನೆಯ ಕೋಣೆಯಲ್ಲಿ ಕೂತು ಗೊತ್ತುಮಾಡುತ್ತಾರೆ, ಭಯವನ್ನು ಮಾತ್ರ ಮೈಕಿನಲ್ಲಿ ಓಣಿಗೆ ಹಂಚುತ್ತಾರೆ. ಗಾಜಿನ ಕಟ್ಟಡಗಳ ಮುಂದೆ ಆ ಆಟೋ ನಿಂತು ಕೂಗಿದ್ದನ್ನು ಕೇಳಿದವರಿದ್ದರೆ ದಯವಿಟ್ಟು ಹೇಳಿ.

ಸಂಜೆ ಚಂದ್ರಾಮ ಬಂದಾಗ ಒಲೆ ಆರಿತ್ತು.

"ಅಲ್ರೀ, ನಮ್ಮದೂ ವ್ಯಾಪಾರ ಆಕ್ಕೈತೇನ್ರಿ?"

"ಆಕ್ಕೈತಿ ಬಿಡು. ನಾಳಿಂದ ನಿನಗ ಸೇಠಾಣಿ ಅಂತೀನಿ," ಎಂದು ಅವನು ಕಾಲು ತೊಳೆಯಲು ಹೋದ. ತೊಳೆದು ಬಂದವನು ಅವಳ ಮುಖ ನೋಡಿ ನಗು ನುಂಗಿದ.

ಅಷ್ಟರಲ್ಲಿ ಅಮರೇಶಪ್ಪ ಮೆಟ್ಟಿಲಿಳಿದು ಬಂದರು. ಒಳಗೆ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಸಾಬವ್ವ, ಕೇಳಿದೆಲ್ಲ? ನಳ ನನ್ನ ಹೆಸರಿನ ಮ್ಯಾಲ ಐತಿ. ಅಂಗಡಿ ಅಂತ ಬರಕೊಂಡ್ರು ಅಂದ್ರ ಪುಕ್ಕಟೆ ನೀರೂ ಹೋತು, ಮನಿ ಟ್ಯಾಕ್ಸೂ ಏರ್ತು. ನಾ ಪಿಂಚಣಿ ಇಲ್ಲದಾಂವ. ರೊಟ್ಟಿ ಬಂದ್ ಮಾಡಿಬಿಡವ್ವ. ಇಲ್ಲಂದ್ರ ಮನಿ ಖಾಲಿ ಮಾಡ್ರಿ ಅನ್ನೂ ಮಾತು ನನ್ನ ಬಾಯಿಂದ ಬರ್ತೈತಿ. ಬರಬಾರದು ಅಂತ ಮೊದಲ ಹೇಳಾಕತ್ತೀನಿ."

"ಆತ್ರಿ ಕಾಕಾ," ಎಂದಳು ಸಾಬಮ್ಮ.

ಆತು ಎಂದದ್ದು ಬಾಯಿ. ಆದರೆ ರೊಟ್ಟಿ ನಿಂತರೆ ಬಾಡಿಗೆ ನಿಲ್ಲುತ್ತದೆ, ಬಾಡಿಗೆ ನಿಂತರೂ ಮನೆ ಖಾಲಿ. ಯಾವ ಬಾಗಿಲಿಂದ ನೋಡಿದರೂ ಬೀದಿಯೇ ಕಾಣುತ್ತಿತ್ತು. ಮರುದಿನ ಅವಳು ಒಂದು ದಾರಿ ಹುಡುಕಿದಳು. ಬಡಿಯುವುದನ್ನು ಬಿಟ್ಟು ಲಟ್ಟಿಸತೊಡಗಿದಳು. ಕೆಳಗೆ ಒದ್ದೆ ಗೋಣಿಚೀಲ ಹಾಸಿ, ಮೇಲೆ ಲತ್ತುಡಿ ಹಿಡಿದು, ಗೋಧಿಹಿಟ್ಟು ಒಂದಿಷ್ಟು ಬೆರೆಸಿ, ಸದ್ದಿಲ್ಲದೆ. ಮುಂಬಾಗಿಲು ಹಾಕಿ, ಹುಡುಗರನ್ನು ಹಿತ್ತಲ ಬಾಗಿಲಿಗೆ ಬರಹೇಳಿದಳು. ಕಿಟಕಿಗೆ ಹಳೆಯ ಸೀರೆ ಕಟ್ಟಿದಳು. ಹೊಗೆಗೆ ಹೋಗಲು ದಾರಿಯಿಲ್ಲದೆ ಅವಳ ಕಣ್ಣಿನಲ್ಲೇ ಕೂತಿತು.

ಮೊದಲು ಸಿಕ್ಕಿಹಾಕಿಕೊಂಡದ್ದು ಮಲ್ಲುವಿನ ಕೈಯಲ್ಲಿ. ಕಂಬಿ ಕಟ್ಟುವ ಹುಡುಗ, ಮಾತಿಗೆ ಬರವಿಲ್ಲ. ಗಂಟು ಬಿಚ್ಚಿ ಮುರಿದು ನೋಡಿದ.

"ಯಕ್ಕಾ, ಇದೇನ ರೊಟ್ಟಿ ಜಾತಿ ಬಿಟ್ಟು ಚಪಾತಿ ಆಗಾಕ ಹೊಂಟೈತಿ?"

"ಸುಮ್ಕಿರೋ. ಹಗೂರ ಮಾತಾಡು."

"ಬಡಿಯೂ ಸದ್ದು ಕೇಳಿದ್ರ ನಮ್ಮವ್ವ ಒಳಗ ಕುಂತಾಳ ಅನಿಸ್ತಿತ್ತು. ಈಗ ಸೆರೆ ಬಾಟ್ಲಿ ತಗೊಂಡು ಹೋಗೂ ಕಳ್ಳರ ಹಂಗ ಹಿತ್ತಲ ಬಾಗಿಲಿಗೆ ಬರಾಕತ್ತೀವಿ ನೋಡು."

ಅವನು ನಗಿಸಲು ಹೇಳಿದ. ಅವಳಿಗೆ ಕಳ್ಳರು ಎಂಬುದಷ್ಟೇ ಕೇಳಿಸಿತು.

ಅಲ್ಲಿಂದ ಅವಳ ಮೈಯೆಲ್ಲ ಕಿವಿಯಾಯಿತು. ಓಣಿಯಲ್ಲಿ ಬೂಟಿನ ಸದ್ದಾದರೆ ಒಲೆಯ ಮುಂದೆ ಉಸಿರು ಹಿಡಿಯುತ್ತಿದ್ದಳು. ಹೊಸ್ತಿಲ ಪಕ್ಕದ ನೀರಿನ ಮೀಟರಿನ ಪೆಟ್ಟಿಗೆಯ ಮೇಲೆ ಕೊಡ ಬೋರಲು ಹಾಕಿದಳು. ಮುಚ್ಚಿಟ್ಟರೆ ಅನುಮಾನ ಬಂದೀತೆಂದು ತೆಗೆದಳು. ಮತ್ತೆ ಹಾಕಿದಳು. ನೀರು ಕಡಿಮೆ ಬಳಸಿದರೆ ಮೀಟರು ಸುಮ್ಮನಿದ್ದೀತೆಂದು ಮೈ ತೊಳೆದ ನೀರಲ್ಲೇ ಅರಿವೆ ನೆನೆಹಾಕಿದಳು. ನಿದ್ದೆಯಲ್ಲೂ ಅಂಗೈ ಮಡಚಿಕೊಳ್ಳುತ್ತಿದ್ದಳೆಂದು ಚಂದ್ರಾಮ ಹೇಳುತ್ತಾನೆ. ಕಳ್ಳತನ ಮಾಡದವಳನ್ನು ಕಳ್ಳಿಯಾಗಿಸಲು ಪೊಲೀಸರೇ ಬೇಕೆಂದಿಲ್ಲ. ಒಂದು ಆಟೋ ಸಾಕು.

ಕೊನೆಗೂ ಒಬ್ಬ ಬಂದ. ಹೆಗಲಲ್ಲಿ ಚೀಲ, ಕೈಯಲ್ಲಿ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿ. ಹೆಸರು ಯಾದಯ್ಯ. ಓಣಿಗೆ ನೀರು ಬಿಡುವವನೂ ಅವನೇ, ಮೀಟರು ನೋಡಿ ಬಿಲ್ಲು ಕೊಡುವವನೂ ಅವನೇ. ಯಾರೋ ಗುತ್ತಿಗೆದಾರನ ಆಳು, ಒಂದು ಸಂಬಳಕ್ಕೆ ಎರಡು ಕೆಲಸ. ಝಹೀರಾಬಾದ್ ಕಡೆಯವನಾದ್ದರಿಂದ ಹರಕು ಮುರುಕು ಕನ್ನಡ ಬರುತ್ತಿತ್ತು. ಅವತ್ತು ಅವನು ಬಂದದ್ದು ಓಣಿಯ ಗಟಾರದ ಪೈಪು ತೊಳೆಯುವವರು ಬರುತ್ತಾರೆ, ನೀರು ಚೆಲ್ಲಬೇಡಿ ಎಂದು ಮನೆಮನೆಗೆ ಹೇಳಲು. ಅಷ್ಟೇ.

ಬಾಗಿಲು ಬಡಿದ. ಸಾಬಮ್ಮ ತೆರೆದಳು. ಚಾವಿ ನೋಡಿದಳು. ಅವನು ಬಾಯಿ ತೆರೆಯುವ ಮೊದಲೇ ಅವಳ ಬಾಯಿಂದ ಬಿತ್ತು:

"ನಾವ್ ರೊಟ್ಟಿ ಮಾರೂದಿಲ್ರಿ ಸಾಹೇಬ್ರ. ಮನಿ ಮಂದಿಗಷ್ಟ ಮಾಡ್ತೀನ್ರಿ."

ಯಾದಯ್ಯ ಒಳಗೆ ಇಣುಕಿದ. ಅವಳ ಹಿಂದೆ ಒಲೆಯ ಪಕ್ಕ ಬಟ್ಟೆ ಮುಚ್ಚಿದ ಎತ್ತರದ ರಾಶಿ ಕಂಡಿತು. ನಿಧಾನಕ್ಕೆ ಚಾವಿಯನ್ನು ಗೋಡೆಗೆ ಆನಿಸಿ ಹೊಸ್ತಿಲ ಮೇಲೆ ಕೂತ.

"ಮಾರ್ತೀರಿ ಅಂತ ಯಾರ್ ಅಂದ್ರು ಅಮ್ಮಾ? ನಾ ಗಟಾರದ್ ಮಾತ್ ಹೇಳಕ್ ಬಂದೆ." ಆಮೇಲೆ ಮೂಗೆಳೆದುಕೊಂಡು ಕೇಳಿದ: "ಮನೀಗೆ ಮಂದಿ ಎಷ್ಟು?"

ಆ ತಿಂಗಳಿಂದ ಅವಳ ರೊಟ್ಟಿಯ ದುಡ್ಡಿನಲ್ಲಿ ಅವನಿಗೂ ಒಂದು ಪಾಲು ಹೋಗತೊಡಗಿತು. ಜೊತೆಗೆ ರೊಟ್ಟಿಯ ಗಂಟು. ಸರ್ಕಾರದ ದರಪಟ್ಟಿಯಲ್ಲಿ ಮನೆಗೊಂದು ದರವಿದೆ, ಅಂಗಡಿಗೊಂದು ದರವಿದೆ. ಹೆದರಿದವರಿಗೆ ಮೂರನೆಯದೊಂದಿದೆ, ಅದು ಯಾವ ಪಟ್ಟಿಯಲ್ಲೂ ಇಲ್ಲ. ಅದಕ್ಕೆ ರಸೀದಿಯೂ ಇಲ್ಲ, ಮಿತಿಯೂ ಇಲ್ಲ.

ಒಂದು ಸಲ ಅವನು ಗಂಟು ಬಿಚ್ಚಿ ಮುಖ ಸಿಂಡರಿಸಿದ. "ಇದೇನಮ್ಮಾ, ತೊಗಲ್ ಇದ್ದಂಗೆ ಐತಿ. ಬಡೀರಿ, ಜೋರ್ ಬಡೀರಿ. ನನ್ ಕಿವಿ ಕೇಳಲ್ಲ." ತನ್ನ ಮಾತಿಗೆ ತಾನೇ ನಕ್ಕ. ಅವನು ಹೋದ ಮೇಲೆ ಸಾಬಮ್ಮ ಗೋಣಿಚೀಲ ಸರಿಸಿ ಕೂತಳು. ಹಿಟ್ಟು ಮುಂದಿಟ್ಟುಕೊಂಡು ಕೈ ಎತ್ತಿದಳು. ಕೈ ಮೇಲೆಯೇ ಉಳಿಯಿತು. ಮೇಲಿನ ಮಹಡಿಯಲ್ಲಿ ಅಮರೇಶಪ್ಪ ಕೆಮ್ಮಿದರು. ಅವಳು ಲತ್ತುಡಿ ಎತ್ತಿಕೊಂಡಳು.

ಮುಂದೆ ಅವನು ಕೇಳಿದ ಪಾಲು ಅವಳ ಕೈಮೀರಿತು. ಆಗುವುದಿಲ್ಲ ಎಂದಾಗ ಅವನು ಬೈಯಲಿಲ್ಲ. ಮೆಟ್ಟಿಲ ಕಡೆ ನೋಡಿ, "ಮೇಲಿನ ಅಯ್ಯಗ ಎಲ್ಲ ಗೊತ್ತೈತಾ ಅಮ್ಮಾ?" ಎಂದಷ್ಟೇ ಕೇಳಿ ಹೋದ.

ಆ ಇಡೀ ಹಗಲು ಅವಳು ಮೆಟ್ಟಿಲ ಕೆಳಗೆ ಕೂತಳು. ಅವನು ಹೇಳಿದರೆ ಮನೆ ಹೋಗುತ್ತದೆ. ತಾನೇ ಹೇಳಿದರೂ ಹೋಗಬಹುದು. ಹೋಗುವುದೇ ಆದರೆ ಅವನ ಬಾಯಿಂದ ಹೋಗುವುದು ಬೇಡ ಎನಿಸಿತು. ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.

"ಕಾಕಾ, ನಾ ನಿಮಗ ಸುಳ್ಳ ಹೇಳೀನ್ರಿ. ರೊಟ್ಟಿ ಬಿಟ್ಟಿಲ್ರಿ. ಸದ್ದ ಅಷ್ಟ ಬಿಟ್ಟೀನಿ."

ಅಮರೇಶಪ್ಪ ಕನ್ನಡಕ ತೆಗೆದು ಒರೆಸಿದರು.

"ಹೊಗಿ ಮ್ಯಾಲ ಬರ್ತೈತೋ, ಕೆಳಗ ಇಳೀತೈತೋ ಸಾಬವ್ವ?"

ಸಾಬಮ್ಮ ತಿರುಗಿ ಕೆಳಗಿನ ತನ್ನ ಕಿಟಕಿಯ ಕಡೆ ನೋಡಿದಳು.

"ಮ್ಯಾಲ ಬರ್ತೈತಿ. ಇಷ್ಟ ದಿನ ನಾ ಕಿಡಕಿ ಹಾಕ್ಕೊಂಡು ಕುಂತೀನಿ. ಗೊತ್ತಾದ್ರ ನಾ ಏನರ ಮಾಡಬೇಕಾಕ್ಕೈತಿ. ಅದಕ್ಕ ಗೊತ್ತು ಮಾಡಿಕೊಳ್ಳಲಿಲ್ಲ. ನೀನಷ್ಟ ಅಂಜೀ ಅಂತ ತಿಳದೀ ಏನ?"

ಮಹಡಿಯ ಮೇಲೊಂದು ಭಯ, ಕೆಳಗೊಂದು ಭಯ, ನಡುವೆ ಒಂದು ಸ್ಲ್ಯಾಬು. ಇಷ್ಟು ದಿನ ಎರಡೂ ಒಂದಕ್ಕೊಂದು ಬಾಗಿಲು ಹಾಕಿಕೊಂಡು ಕೂತಿದ್ದವು. ಯಾದಯ್ಯನ ಪಾಲಿನ ಮಾತನ್ನು ಮಾತ್ರ ಸಾಬಮ್ಮ ಹೇಳಲಿಲ್ಲ. ನಾಚಿಕೆ ಅಡ್ಡ ಬಂತು. ಅಂಜಿ ಕೂರುವುದಕ್ಕಿಂತ ಕೇಳಿಯೇ ಬಿಡುವುದು ಮೇಲೆಂದು ಅಮರೇಶಪ್ಪ ಮರುದಿನ ಇಸ್ತ್ರಿ ಅಂಗಿ ಹಾಕಿಕೊಂಡು ನೀರಿನ ಕಚೇರಿಗೆ ಹೋಗಿ, ನಮ್ಮ ಮನೆಯಲ್ಲಿ ಒಬ್ಬ ಹೆಣ್ಣುಮಗಳು ರೊಟ್ಟಿ ಮಾಡಿ ಮಾರುತ್ತಾಳೆ, ನಮಗೆ ಯಾವ ದರ ಬೀಳುತ್ತದೆ, ಹೇಳಿ ಎಂದು ಕೇಳಿದರು. ಒಬ್ಬರು ಅಂಗಡಿಯ ದರ ಎಂದರು. ಒಬ್ಬರು ಹೋಟೆಲಿನ ದರ ಎಂದರು. ಮೂರನೆಯವರು ಸುಮ್ಮನೆ ಮನೆಗೆ ಹೋಗಿ ಎಂದರು. ಕೊನೆಗೆ, ನೋಡಿ ಬರಲು ಒಬ್ಬರನ್ನು ಕಳಿಸುತ್ತೇವೆ ಎಂದರು.

ಬಂದದ್ದು ಒಬ್ಬ ಇಂಜಿನಿಯರ್ ಹೆಣ್ಣುಮಗಳು, ಎಲ್ಲರೂ ಮೇಡಂ ಎನ್ನುತ್ತಿದ್ದರು. ಅವಳ ಹಿಂದೆ ದಾರಿ ತೋರಿಸಲು ಬಂದವನು ಯಾದಯ್ಯ.

ಇಷ್ಟು ವರ್ಷಗಳಲ್ಲಿ ಸಾಬಮ್ಮ ತೆಲುಗು ಕಲಿತಿದ್ದಳು. ಅವತ್ತು ಹೆದರಿಕೆಗೆ ಒಂದಕ್ಷರವೂ ಬರಲಿಲ್ಲ. ಮೇಡಂ ಕೇಳಿದ್ದಕ್ಕೆಲ್ಲ ಕಣ್ಣು ಬಿಟ್ಟಳು. "ಯಾದಯ್ಯಾ, ನಿನಗೆ ಇವರ ಮಾತು ಬರುತ್ತಲ್ಲ, ನೀನೇ ಕೇಳು," ಎಂದಳು ಮೇಡಂ. ಅವನು ಕೇಳಿದ. ಎಷ್ಟು ರೊಟ್ಟಿ, ಎಷ್ಟು ನೀರು. ಸಾಬಮ್ಮ ಹಿಟ್ಟು ನಾದಲು ಎಸರಿಡುವ ಪಾತ್ರೆ ತೋರಿಸಿದಳು. ಮೇಡಂ ಪಾತ್ರೆಯೊಳಗೆ ಬಗ್ಗಿ ನೋಡಿ ಹುಬ್ಬೇರಿಸಿದಳು. "ಇಷ್ಟೇನಾ?"

ಆಮೇಲೆ ತೆಲುಗಿನಲ್ಲಿ ಇನ್ನೊಂದು ಪ್ರಶ್ನೆ ಕೇಳಿದಳು. ಯಾದಯ್ಯ ಅದನ್ನು ತಕ್ಷಣ ಹೇಳಲಿಲ್ಲ. ಅವನ ಕಿವಿಯ ಪಕ್ಕದಿಂದ ಬೆವರು ಹರಿದು ಕಾಲರಿನೊಳಗೆ ಹೋದದ್ದನ್ನು ಸಾಬಮ್ಮ ನೋಡಿದಳು.

"ಮೇಡಂ ಕೇಳ್ತಾರೆ..." ಎಂದ, ನೆಲ ನೋಡುತ್ತ. "ಇದಕ್ಕೆ ಮೊದ್ಲು ನಮ್ ಕಡೇ ಮಂದಿ ಯಾರಾದ್ರೂ ಬಂದಿದ್ರಾ... ಏನಾದ್ರೂ ತಗೊಂಡ್ರಾ ಅಂತ."

ಪಾಲಿನ ಸಂಗತಿ ಅಮರೇಶಪ್ಪನವರಿಗೆ ಗೊತ್ತಿರಲಿಲ್ಲ. ಸಾಬಮ್ಮ ಯಾದಯ್ಯನ ಮುಖ ನೋಡಿದಳು. ತಿಂಗಳುಗಟ್ಟಲೆ ತನ್ನ ಮುಖದ ಮೇಲಿದ್ದದ್ದು ಈಗ ಅಲ್ಲಿತ್ತು.

"ಯಾರೂ ಬಂದಿಲ್ರಿ," ಎಂದಳು.

ಮೇಡಂ ಮಾಡಿ ತೋರಿಸಲು ಹೇಳಿದಳು. ಸಾಬಮ್ಮ ಕೂತಳು. ಮೊದಲ ಏಟು ಹಿಟ್ಟಿನ ಅಂಚಿಗೆ ಬಿದ್ದು ರೊಟ್ಟಿ ಹರಿಯಿತು. ಮುದ್ದೆ ಮಾಡಿ ಮತ್ತೆ ಬಡಿದಳು. ಆಮೇಲೆ ಕೈಗೆ ನೆನಪಾಯಿತು. ಪಟಪಟ ಸದ್ದು ಓಣಿಗೆ ಹೋಯಿತು, ಎದುರು ಮನೆಯ ಕಿಟಕಿ ತೆರೆಯಿತು.

ಮೇಡಂ ಒಂದು ರೊಟ್ಟಿ ಬೇಯುವವರೆಗೆ ನಿಂತಿದ್ದಳು. ತಮ್ಮ ನಿಯಮದಲ್ಲಿ ಮನೆ ಇದೆ, ಹೋಟೆಲಿದೆ, ಇದಕ್ಕೆ ಜಾಗವಿಲ್ಲ ಎಂದು ಅಮರೇಶಪ್ಪನವರಿಗೆ ತೆಲುಗಿನಲ್ಲಿ ಹೇಳಿದಳು. ಮೇಲಿನ ಅಧಿಕಾರಿಗಳನ್ನು ಕೇಳುತ್ತೇನೆ, ಅಲ್ಲಿಯವರೆಗೆ ಈಗಿದ್ದ ಹಾಗೇ ಇರಲಿ. ಒಳ್ಳೆಯ ಹೆಣ್ಣುಮಗಳೇ. ಆದರೆ ಒಂದು ಊರಿಗೆ ನದಿಗಳನ್ನೇ ಎತ್ತಿ ತರಬಲ್ಲವರಿಗೆ ಒಬ್ಬಳ ಒಲೆಗೆ ಎಷ್ಟು ದರ ಎಂದು ಹೇಳಲಾಗದೆ ಹೋಯಿತು.

ರಾತ್ರಿ ಊಟಕ್ಕೆ ಕೂತಾಗ ಚಂದ್ರಾಮ ರೇಗಿದ. "ಮೇಡಂ ಮುಂದ ನಿಂತಾಗ ಅವನ ಹೆಸರ ಹೇಳಾಕ ಏನ ಧಾಡಿ ಆಗಿತ್ತು ನಿನಗ? ಕರುಣಿ ಬಂತೇನ?"

"ಕರುಣಿ ಅಲ್ರೀ. ಮೇಡಂ ಒಮ್ಮಿ ಬಂದು ಹೋದ್ಲು. ವಾಲ್ವಿನ ಚಾವಿ ದಿನಾ ಅವನ ಕೈಯಾಗ ಇರ್ತೈತಿ."

ಯಾದಯ್ಯ ಪಾಲು ಕೇಳುವುದನ್ನು ಬಿಟ್ಟ. ತಲೆ ಎತ್ತದೆ ಮೀಟರು ನೋಡಿ, ಬಿಲ್ಲು ಹರಿದು ಕೊಟ್ಟು ಹೋಗುತ್ತಾನೆ. ಮೇಲಿನವರ ಉತ್ತರ ಇನ್ನೂ ಬಂದಿಲ್ಲ. ಸಾಬಮ್ಮ ಬೆಳಿಗ್ಗೆ ಬಡಿಯುತ್ತಾಳೆ, ಕಿಟಕಿಯ ಸೀರೆ ಬಿಚ್ಚಿದ್ದಾಳೆ, ಓಣಿ ಮತ್ತೆ ಆ ಸದ್ದಿಗೆ ಏಳುತ್ತದೆ. ಬಿಲ್ಲು ಬರುವ ದಿನ ಹತ್ತಿರವಾದಾಗ ಮಾತ್ರ ಅವಳ ಕೈ ತಾನಾಗಿ ಗೋಣಿಚೀಲ ಹಾಸುತ್ತದೆ. ಬಿಲ್ಲು ಬಂದೊಡನೆ ಮೆಟ್ಟಿಲ ಬುಡದಲ್ಲಿ ನಿಂತು, "ಕಾಕಾ, ಮನಿ ಅಂತ ಐತೋ, ಹೋಟೆಲ್ ಅಂತ ಐತೋ, ಮೊದಲ ಅದನ್ನ ಓದ್ರಿ," ಎನ್ನುತ್ತಾಳೆ.

ಹುಡುಗರಿಗೆಲ್ಲ ಅದು ರೂಢಿಯಾಗಿದೆ. ಹೋದ ತಿಂಗಳು ಮಲ್ಲು ಗಂಟು ಬಿಚ್ಚಿ, ಲಟ್ಟಿಸಿದ ರೊಟ್ಟಿಯನ್ನು ಬೆರಳಲ್ಲಿ ಮುಟ್ಟಿ ನೋಡಿದ. ತಮಾಷೆ ಮಾಡಲಿಲ್ಲ.

"ಇವತ್ತ ಬಿಲ್ ಬರೂ ದಿನ ಏನ ಯಕ್ಕಾ?" ಎಂದು ತಗ್ಗಿದ ದನಿಯಲ್ಲಿ ಕೇಳಿ, ಗಂಟು ಕಟ್ಟಿಕೊಂಡು, ಹಿತ್ತಲ ಬಾಗಿಲಿನಿಂದ ಹೋದ.